ಲಾಕ್ರಿಯ ದಂಡು ಎಲ್ಲಿ ಹೋಯಿತು?

1782ರ ಜುಲೈ ತಿಂಗಳ ಆರಂಭದಲ್ಲಿ ಇಬ್ಬರು ಫಿಲಡೆಲ್ಫಿಯಾ ನಗರಕ್ಕೆ ನಡೆದು ಬಂದರು. ಒಬ್ಬ ಲೆಫ್ಟಿನೆಂಟ್ ಐಸಾಕ್ ಆಂಡರ್ಸನ್, ಇನ್ನೊಬ್ಬ ದಂಡಿನ ಸಾಮಾನು ಸರಂಜಾಮು ನೋಡಿಕೊಳ್ಳುತ್ತಿದ್ದ ರಿಚರ್ಡ್ ವಾಲೇಸ್. ಮೈಮೇಲೆ ನೆಟ್ಟಗೆ ಬಟ್ಟೆ ಇರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಜುಲೈ 3ರಂದು ಪೆನ್ಸಿಲ್ವೇನಿಯಾದ ಆಡಳಿತ ಮಂಡಳಿಗೆ ಅವರು ಕೊಟ್ಟ ಅರ್ಜಿ ಇವತ್ತಿಗೂ ಆ ರಾಜ್ಯದ ದಾಖಲೆ ಸಂಪುಟಗಳಲ್ಲಿ ಅಚ್ಚಾಗಿ ಉಳಿದಿದೆ. ಹಿಂದಿನ ವರ್ಷ ಆಗಸ್ಟ್ 24ರಂದು ಸೆರೆ ಸಿಕ್ಕೆವು, ನಮ್ಮನ್ನು ಮಾಂಟ್ರಿಯಲ್‌ಗೆ ಒಯ್ದು ಕೂಡಿಹಾಕಿದರು, ಮೇ 26ರಂದು ತಪ್ಪಿಸಿಕೊಂಡೆವು, ಕಾಡು ಹಾದು ನಿನ್ನೆ ಮೂರು ಗಂಟೆಗೆ ಈ ಊರು ಮುಟ್ಟಿದೆವು ಎಂದು ಅದರಲ್ಲಿ ಹೇಳಿಕೊಂಡಿದ್ದಾರೆ. ಸೆರೆಯಲ್ಲಿದ್ದ ದಿನಗಳ ಸಂಬಳ ಕೊಟ್ಟರೆ ಮನೆಗೆ ಹೋಗುತ್ತೇವೆ ಎಂಬುದು ಕೋರಿಕೆ. ಕೊನೆಯಲ್ಲಿ ಇನ್ನೊಂದು ಮಾತಿದೆ: ಕರ್ನಲ್ ಲಾಕ್ರಿಯ ಕೈಕೆಳಗೆ ಸತ್ತವರ, ಸೆರೆಯಾದವರ ಪೂರ್ತಿ ಪಟ್ಟಿ ನಮ್ಮ ಬಳಿ ಇದೆ, ಮಂಡಳಿ ಕೇಳಿದರೆ ಕೊಡುತ್ತೇವೆ.

ಉಡಲು ಬಟ್ಟೆಯಿಲ್ಲದವರು ಸತ್ತವರ ಹೆಸರುಗಳನ್ನು ಮಾತ್ರ ಕಳೆದುಕೊಳ್ಳದೆ ತಂದಿದ್ದರು. ಆ ಸಾಲು ಓದಿದ ಮೇಲೆ ಈ ಪ್ರಕರಣವನ್ನು ಬಿಟ್ಟು ಮುಂದೆ ಹೋಗಲು ನನ್ನಿಂದ ಆಗಲಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ದೊಡ್ಡ ಪುಸ್ತಕಗಳಲ್ಲಿ ಸಾರಾಟೋಗಾಕ್ಕೆ ಅಧ್ಯಾಯಗಳಿವೆ, ಯಾರ್ಕ್‌ಟೌನ್‌ಗೆ ಅಧ್ಯಾಯಗಳಿವೆ. ಒಹಾಯೊ ನದಿಯ ದಂಡೆಯಲ್ಲಿ ಇಡೀ ಒಂದು ದಂಡು ಒಂದೇ ಹೊಂಚಿನಲ್ಲಿ ಇಲ್ಲವಾದದ್ದಕ್ಕೆ ಸಿಗುವುದು ಒಂದೆರಡು ಸಾಲು.

ಆರ್ಚಿಬಾಲ್ಡ್ ಲಾಕ್ರಿ ಪೆನ್ಸಿಲ್ವೇನಿಯಾದ ಪಶ್ಚಿಮ ಅಂಚಿನ ವೆಸ್ಟ್‌ಮೋರ್‌ಲೆಂಡ್ ಕೌಂಟಿಯ ಮಿಲಿಷಿಯಾ ಮುಖ್ಯಸ್ಥ. ಆ ಕೌಂಟಿ ಹುಟ್ಟಿದ್ದೇ 1773ರಲ್ಲಿ. ಕೇಂದ್ರ ಹ್ಯಾನಸ್‌ಟೌನ್ ಎಂಬ ಪುಟ್ಟ ಊರು. ಮಿಲಿಷಿಯಾ ಅಂದರೆ ಉಳುವವರು, ಬಡಗಿಗಳು, ಕಮ್ಮಾರರು. ಕರೆ ಬಂದಾಗ ಕೋವಿ ಹಿಡಿದು ಬರುವ ಊರವರು. ಇಂಥವರನ್ನು ಕೂಡಿಸುವುದು, ಮದ್ದುಗುಂಡು ಹೊಂದಿಸುವುದು, ಅನ್ನ ಹುಟ್ಟಿಸುವುದು ಎಲ್ಲ ಲಾಕ್ರಿಯ ಹೆಗಲ ಮೇಲಿತ್ತು. ರಾಜ್ಯದ ಅಧ್ಯಕ್ಷ ಜೋಸೆಫ್ ರೀಡ್‌ಗೆ ಆತ ಬರೆದ ಪತ್ರಗಳ ತುಂಬ ಗಡಿಯ ಸಂಕಟವೇ ಇದೆ.

1781ರಲ್ಲಿ ವರ್ಜೀನಿಯಾದ ಜಾರ್ಜ್ ರೋಜರ್ಸ್ ಕ್ಲಾರ್ಕ್, ಬ್ರಿಟಿಷರ ಡೆಟ್ರಾಯಿಟ್ ಕೋಟೆಯನ್ನು ಹಿಡಿಯುತ್ತೇನೆಂದು ಹೊರಟ. ಗವರ್ನರ್ ಥಾಮಸ್ ಜೆಫರ್ಸನ್‌ನ ಬೆಂಬಲ ಅವನಿಗಿತ್ತು. ಎರಡು ಸಾವಿರ ಜನ ಬೇಕೆಂದಿದ್ದವನಿಗೆ ದಕ್ಕಿದವರು ಸುಮಾರು 400. ಲಾಕ್ರಿಯ ಸೀಮೆ ತನ್ನದೆಂದು ಪೆನ್ಸಿಲ್ವೇನಿಯಾ, ವರ್ಜೀನಿಯಾ ಎರಡೂ ಕಿತ್ತಾಡುತ್ತಿದ್ದವು; ಯಾರ ಆಜ್ಞೆಗೆ ತಲೆಬಾಗಬೇಕೆಂದು ಜನರಿಗೇ ಗೊತ್ತಿರಲಿಲ್ಲ. ಅಂಥದ್ದರಲ್ಲೂ ಲಾಕ್ರಿ 107 ಜನರನ್ನು ಕಟ್ಟಿಕೊಂಡು ಕ್ಲಾರ್ಕ್‌ನನ್ನು ಕೂಡಿಕೊಳ್ಳಲು ಆಗಸ್ಟ್ ಮೊದಲ ವಾರ ಹೊರಟ. ಆಗಸ್ಟ್ 8ಕ್ಕೆ, ಕಾಯುತ್ತೇನೆಂದು ಕ್ಲಾರ್ಕ್ ಹೇಳಿದ್ದ ವೀಲಿಂಗ್ ತಲುಪುವ ಹೊತ್ತಿಗೆ ಅವನು ನದಿಗುಂಟ ಇಳಿದು ಹೋಗಿದ್ದ. ಅವನ ಜನ ದಿನವೂ ತಪ್ಪಿಸಿಕೊಂಡು ಓಡುತ್ತಿದ್ದರು. ನಿಂತರೆ ಉಳಿದವರೂ ಖಾಲಿಯಾಗುತ್ತಾರೆಂಬ ಭಯ. ಹಿಂದೆಯೇ ಬನ್ನಿ ಎಂಬ ಸೂಚನೆ ಬಿಟ್ಟು ಮುಂದೆ ಸರಿದಿದ್ದ. ಲಾಕ್ರಿ ದೋಣಿಗಳಲ್ಲಿ ಕುದುರೆಗಳನ್ನೂ ಹತ್ತಿಸಿಕೊಂಡು ಬೆನ್ನಟ್ಟಿದ. ಆ ಅಂತರ ಕೊನೆಗೂ ಮುಚ್ಚಲಿಲ್ಲ.

ಇಂಥ ಪ್ರಕರಣವನ್ನು ಹುಡುಕುವವರಿಗೆ ಎದುರಾಗುವ ಮೊದಲ ತೊಡಕು ಹೆಸರಿನದು. ಲಾಕ್ರಿ, ಲಾಕ್ರೆ, ಲಾಫರಿ, ಲೌಘ್ರಿ ಹೀಗೆ ಕಿವಿಗೆ ಬಿದ್ದಂತೆ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದಿದ್ದಾರೆ. ಘಟನೆ ನಡೆದ ಜಾಗದ ಹಳ್ಳಕ್ಕೆ ಅವನ ಹೆಸರೇ ಬಂತು, ಅದೂ ಬೇರೆ ಕಾಗುಣಿತದಲ್ಲಿ. ಇಂಡಿಯಾನಾ ರಾಜ್ಯದ ಡಿಯರ್‌ಬಾರ್ನ್ ಮತ್ತು ಒಹಾಯೊ ಕೌಂಟಿಗಳ ನಡುವಿನ ಗಡಿ ಇವತ್ತು ಆ ಹಳ್ಳವೇ. ಸೂಚಿಯಲ್ಲಿ ಒಂದೇ ಕಾಗುಣಿತ ಹಿಡಿದು ಹುಡುಕುವವರಿಗೆ ಅರ್ಧ ಕಾಗದಗಳು ಸಿಗುವುದಿಲ್ಲ. 1888ರಲ್ಲಿ ಚಾರ್ಲ್ಸ್ ಮಾರ್ಟಿಂಡೇಲ್ ಎಂಬಾತ ಇಂಡಿಯಾನಾ ಹಿಸ್ಟಾರಿಕಲ್ ಸೊಸೈಟಿಗಾಗಿ ಈ ಸೋಲಿನ ಕುರಿತು ಒಂದು ಕಿರುಹೊತ್ತಗೆ ಬರೆದ. ಅದು ಇಂದಿಗೂ ಬೆಲೆಬಾಳುವುದು ಅದರಲ್ಲಿ ಅಚ್ಚಾದ ಐಸಾಕ್ ಆಂಡರ್ಸನ್‌ನ ದಿನಚರಿಯಿಂದ. ಫಿಲಡೆಲ್ಫಿಯಾದಲ್ಲಿ ಅರ್ಜಿ ಕೊಟ್ಟ ಅದೇ ಆಂಡರ್ಸನ್.

ದಿನಚರಿಯಲ್ಲಿ ಅಳು ಇಲ್ಲ, ಶೌರ್ಯದ ಬಡಾಯಿಯೂ ಇಲ್ಲ. ಆಗಸ್ಟ್ 24ರ ಪುಟದಲ್ಲಿ ಇರುವುದು ಇಷ್ಟು: ಗ್ರೇಟ್ ಮಯಾಮಿ ನದಿ ಕೂಡುವ ಜಾಗದಿಂದ ಹತ್ತು ಮೈಲಿ ಕೆಳಗೆ, ನದಿಯ ಮೂಲನಿವಾಸಿಗಳ ದಡಕ್ಕೆ ದೋಣಿ ತರುವಂತೆ ಕರ್ನಲ್ ಹೇಳಿದ. ಅಡುಗೆ ಆಗಬೇಕಿತ್ತು, ಕುದುರೆಗಳಿಗೆ ಹುಲ್ಲು ಕೊಯ್ಯಬೇಕಿತ್ತು. ಆಗ ಏರಿಯ ಮೇಲಿನಿಂದ ಗುಂಡು ಬಿತ್ತು. ಆಚೆ ದಡಕ್ಕೆ ದಾಟೋಣವೆಂದು ದೋಣಿ ಹತ್ತಿದರೆ ನದಿಯಲ್ಲಿ ಇನ್ನೊಂದು ಗುಂಪು ಹರಿಗೋಲುಗಳಲ್ಲಿ ಎದುರಾಗಿ ಗುಂಡು ಹಾರಿಸಿತು. ಅಲ್ಲಿಗೆ ಮುಗಿಯಿತು. ಕರ್ನಲ್‌ನನ್ನೂ ಇನ್ನು ಕೆಲವರನ್ನೂ ಸೆರೆಯಾದ ಮೇಲೆ ಕೊಂದರು. ಸತ್ತವರು ಸುಮಾರು ನಲವತ್ತು. ರಾತ್ರಿಯೇ ಉಳಿದವರನ್ನು ಎಂಟು ಮೈಲಿ ನಡೆಸಿಕೊಂಡು ಹೋದರು.

ಈ ಪುಟದಲ್ಲಿ ನನ್ನ ಕಣ್ಣು ನಿಲ್ಲುವುದು ಹುಲ್ಲಿನ ಮೇಲೆ. ಸೋಲಿನ ಕಾರಣವನ್ನು ಸೇನಾಪತಿಯ ಅಜಾಗರೂಕತೆಯಲ್ಲಿ ಹುಡುಕುವವರು ಬಹಳ. ದೋಣಿಯಲ್ಲಿ ನಿಂತ ಕುದುರೆಗೆ ಮೇವು ಬೇಕು. ಮೇವು ಹೊತ್ತು ತರುವಷ್ಟು ದೋಣಿ ಅವರ ಬಳಿ ಇರಲಿಲ್ಲ. ಮೇವಿಗಾಗಿ ದಡಕ್ಕೆ ಇಳಿಯಲೇಬೇಕಿತ್ತು. ಹಸಿದ ದಂಡಿಗೆ ಕಾವಲಿಗಿಂತ ಒಲೆ ಮುಖ್ಯವಾಯಿತು. ಇದರಲ್ಲಿ ಲಾಕ್ರಿಯ ತಪ್ಪಿಗಿಂತ, ಕಾಯುತ್ತೇನೆಂದು ಕಾಯದೆ ಹೋದ ಕ್ಲಾರ್ಕ್‌ನ ಪಾಲು ಹೆಚ್ಚೆಂಬುದು ನನ್ನ ತೀರ್ಮಾನ.

ಒಬ್ಬನೂ ತಪ್ಪಿಸಿಕೊಂಡು ಬಂದು ಸುದ್ದಿ ಹೇಳದ ಸೋಲು ಇದು. ಹಾಗಾಗಿ ಈ ದಿನಚರಿ ಬಿಟ್ಟರೆ, ಆ ದಿನ ಏನಾಯಿತೆಂಬುದರ ಸಮಕಾಲೀನ ಕಾಗದಗಳಿಗೆ ಗೆದ್ದವರ ಪಕ್ಷಕ್ಕೇ ಹೋಗಬೇಕು. ಕ್ವಿಬೆಕ್‌ನ ಗವರ್ನರ್ ಆಗಿದ್ದ ಫ್ರೆಡರಿಕ್ ಹಾಲ್ಡಿಮಂಡ್ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದವನು, ಚೂರು ಕಾಗದವನ್ನೂ ಎಸೆಯದವನು. ಅವನ ಕಡತಗಳು 1857ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಸಂಖ್ಯೆ 21661ರಿಂದ 21892ರವರೆಗೆ, ಒಟ್ಟು 232 ಸಂಪುಟ. ಕೆನಡಾದವರು ಇವುಗಳ ನಕಲು ಮಾಡಿಸಿಕೊಂಡರು, ಮಿಷಿಗನ್‌ನವರು ತಮ್ಮ ಸೀಮೆಗೆ ಸಂಬಂಧಿಸಿದವನ್ನು ಅಚ್ಚು ಹಾಕಿಸಿದರು. ಡೆಟ್ರಾಯಿಟ್‌ನ ಅಧಿಕಾರಿ ಡಿ ಪೈಸ್ಟರ್‌ಗೆ ಒಹಾಯೊ ಕಣಿವೆಯಿಂದ ಬಂದ ವರದಿಗಳು ಅಲ್ಲಿವೆ. ಆ ಕಾಗದಗಳನ್ನು ಆಂಡರ್ಸನ್‌ನ ದಿನಚರಿಯ ಪಕ್ಕದಲ್ಲಿಟ್ಟು ಓದಿದಾಗಲೇ ಬಲೆ ಹೆಣೆದ ಬಗೆ ತಿಳಿಯುತ್ತದೆ.

ಹೊಂಚು ಹಾಕಿದವನು ಜೋಸೆಫ್ ಬ್ರಾಂಟ್, ಮೋಹಾಕ್ ಜನರಲ್ಲಿ ಥಾಯೆಂಡನೇಗಿಯಾ ಎಂದು ಹೆಸರಾದವನು. ಇಂಗ್ಲಿಷ್ ಶಾಲೆಯಲ್ಲಿ ಕಲಿತವನು, ಲಂಡನ್‌ಗೆ ಹೋಗಿ ಬಂದವನು. ಚಿತ್ರಕಾರ ಜಾರ್ಜ್ ರೋಮ್ನಿ ಅವನ ಚಿತ್ರ ಬರೆದಿದ್ದಾನೆ. ಮುಂದೆ ಮಾರ್ಕನ ಸುವಾರ್ತೆಯನ್ನು ಮೋಹಾಕ್ ನುಡಿಗೆ ತಂದ. ಅವನ ಜೊತೆ ಇದ್ದವರು ಸುಮಾರು ನೂರು ಮಂದಿ. ಕ್ಲಾರ್ಕ್‌ನ ದೋಣಿಗಳು ಇರುಳಲ್ಲಿ ಹಾದುಹೋದದ್ದನ್ನು ಅವನು ಕಂಡ. ತನ್ನ ಬಲ ಸಾಲದೆಂದು ಸುಮ್ಮನೆ ಬಿಟ್ಟ. ಅಷ್ಟರಲ್ಲಿ ಅವನ ಕೈಗೆ ಒಂದು ಕಾಗದ ಬಿತ್ತು. ಆಹಾರ ಮುಗಿಯುತ್ತಿದೆಯೆಂದು ಲಾಕ್ರಿ, ಕ್ಯಾಪ್ಟನ್ ಶಾನನ್‌ನ ಕೈಲಿ ಕ್ಲಾರ್ಕ್‌ಗೆ ಓಲೆ ಕಳಿಸಿದ್ದ. ಶಾನನ್‌ನ ಚಿಕ್ಕ ದೋಣಿ ಸೆರೆಯಾಯಿತು. ಹಿಂದೆ ಬರುತ್ತಿರುವ ದಂಡು ಸಣ್ಣದು, ಹಸಿದದ್ದು, ಒಂಟಿ ಎಂಬುದನ್ನು ಲಾಕ್ರಿಯ ಸ್ವಂತ ಅಕ್ಷರವೇ ಬ್ರಾಂಟ್‌ಗೆ ತಿಳಿಸಿತು. ಹೊಂಚು ಮುಗಿದ ಮೂರು ನಾಲ್ಕು ದಿನಗಳಲ್ಲಿ ಬ್ರಿಟಿಷ್ ಪಕ್ಷದ ಬಟ್ಲರ್ಸ್ ರೇಂಜರ್ಸ್ ಪಡೆಯ ಕ್ಯಾಪ್ಟನ್ ಥಾಮ್ಸನ್ ಮತ್ತು ಅಲೆಕ್ಸಾಂಡರ್ ಮೆಕ್ಕೀ ನೂರಾರು ಜನರೊಂದಿಗೆ ಬಂದು ಕೂಡಿಕೊಂಡರು. ಕೆಲಸ ಆಗಲೇ ಮುಗಿದಿತ್ತು.

ಲೆಕ್ಕದ ಮಾತು. ಇತಿಹಾಸಕಾರರು ಈಗ ಸಾಮಾನ್ಯವಾಗಿ ಒಪ್ಪುವುದು 37 ಸಾವು, 64 ಸೆರೆ, ಕೂಡಿದರೆ 101. ಹೊರಟವರು 107. ನಡುವಿನ ಕೊರತೆಯನ್ನು ಶಾನನ್‌ನ ಜೊತೆ ಮುಂದೆ ಹೋದವರಿಂದ ತುಂಬಿಕೊಳ್ಳಬಹುದು. ಆಂಡರ್ಸನ್‌ನ "ಸುಮಾರು ನಲವತ್ತು" ಇದರಿಂದ ದೂರವಿಲ್ಲ. ನೆತ್ತರು ಆರುವ ಮೊದಲೇ ಬರೆದವನ ಅಂದಾಜು ಇಷ್ಟು ಹತ್ತಿರ ಬಂದಿರುವುದು ಅವನ ಉಳಿದ ಮಾತನ್ನೂ ನಂಬುವುದಕ್ಕೆ ಕಾರಣ ಕೊಡುತ್ತದೆ.

ತಡವಾಗಿ ಬಂದ ಕಥೆಗಳನ್ನು ಇಷ್ಟು ಸುಲಭಕ್ಕೆ ನಂಬಲಾಗದು. ಲಾಕ್ರಿ ಮರದ ದಿಮ್ಮಿಯ ಮೇಲೆ ಕೂತಿದ್ದಾಗ ಶಾವ್ನೀ ಯೋಧನೊಬ್ಬ ಕೊಡಲಿಯಿಂದ ಹೊಡೆದನೆಂಬ ಚಿತ್ರ ಎಷ್ಟೋ ಪುಸ್ತಕಗಳಲ್ಲಿ ಬರುತ್ತದೆ. ದಿನಚರಿಯಲ್ಲಿ ಆ ದಿಮ್ಮಿ ಇಲ್ಲ. ಯುದ್ಧ ಇಲಾಖೆಯ ಹಳೆಯ ಕಾಗದಗಳು 1800ರ ನವೆಂಬರ್‌ನ ಬೆಂಕಿಯಲ್ಲಿ ಸುಟ್ಟವು. 1832ರ ಪಿಂಚಣಿ ಕಾಯ್ದೆ ಬಂದಾಗ, ಮಿಲಿಷಿಯಾದಲ್ಲಿದ್ದ ಮುದುಕರು ತಮ್ಮ ಸೇವೆಯನ್ನು ನ್ಯಾಯಾಲಯದಲ್ಲಿ ನೆನಪಿನಿಂದ ಹೇಳಿ ಬರೆಸಬೇಕಾಯಿತು. ಐವತ್ತು ವರ್ಷ ಕಳೆದ ನೆನಪಿನಲ್ಲಿ ಕ್ಯಾಪ್ಟನ್‌ನ ಹೆಸರು ಗಟ್ಟಿಯಾಗಿ ಉಳಿಯುತ್ತದೆ, ತಾರೀಖು ಜಾರುತ್ತದೆ. ಲೈಮನ್ ಡ್ರೇಪರ್ ಎಂಬ ಸಂಗ್ರಾಹಕ ಇಂಥ ಮುದುಕರನ್ನೂ ಅವರ ಮಕ್ಕಳನ್ನೂ ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡ. ಅವನ ಸುಮಾರು ಐನೂರು ಸಂಪುಟಗಳು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿವೆ. ಬರೆಯಬೇಕೆಂದಿದ್ದ ಪುಸ್ತಕಗಳಲ್ಲಿ ಹೆಚ್ಚಿನವನ್ನು ಬರೆಯದೆಯೇ ಸತ್ತರೂ, ಅವನು ಕೂಡಿಟ್ಟದ್ದರಿಂದಲೇ ಈ ಗಡಿಯ ಇತಿಹಾಸ ಬದುಕಿದೆ.

ಇಷ್ಟೆಲ್ಲ ಕಾಗದದಲ್ಲಿ ಬ್ರಾಂಟ್‌ನ ಜೊತೆಗಿದ್ದ ಆ ನೂರು ಮಂದಿಯ ಮಾತು ಎಲ್ಲಿ? ಅವರು ಗೆದ್ದರು, ತಮ್ಮ ನೆಲದ ಮೇಲೆ ಬರುತ್ತಿದ್ದ ದಂಡನ್ನು ತಡೆದರು. ಅವರ ಬಗ್ಗೆ ನಾವು ಓದುವುದು ಅವರ ಸೆರೆಯಾಳು ಬರೆದದ್ದು, ಇಲ್ಲವೇ ಅವರ ಬ್ರಿಟಿಷ್ ಮಿತ್ರ ಬರೆದದ್ದು. ಕನ್ನಡ ಓದುಗರಿಗೆ ಇದು ಹೊಸದಲ್ಲ. ಲಾಕ್ರಿ ಸತ್ತ ಮೂರನೇ ದಿನ, 1781ರ ಆಗಸ್ಟ್ 27ರಂದು, ಇತ್ತ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಐರ್ ಕೂಟ್ ಕಾದಾಡುತ್ತಿದ್ದರು. ಫ್ರೆಂಚರು ಅಮೆರಿಕದ ಬಂಡಾಯಗಾರರ ಜೊತೆ ನಿಂತದ್ದರಿಂದ ಹೊತ್ತಿದ ಜಗಳವೇ ಮಾಹೆಯ ಮೂಲಕ ಮೈಸೂರಿನ ಯುದ್ಧವನ್ನೂ ಕೆರಳಿಸಿತ್ತು. ಆ ವರ್ಷಗಳ ಶ್ರೀರಂಗಪಟ್ಟಣದ ಒಳಗನ್ನು ಇಂಗ್ಲಿಷಿನಲ್ಲಿ ಹೇಳಿದವರು ಜೇಮ್ಸ್ ಬ್ರಿಸ್ಟೋ, ಜೇಮ್ಸ್ ಸ್ಕರಿಯಂಥ ಸೆರೆಯಾಳುಗಳು. ಅವರ ಸಂಕಟ ನಿಜ. ಕಾವಲಿಗಿದ್ದ ನಮ್ಮ ಸೀಮೆಯ ಸಿಪಾಯಿ ಏನು ಕಂಡನೆಂಬುದು ಆ ಪುಸ್ತಕಗಳಲ್ಲಿಲ್ಲ. ಎರಡೂ ಕಡೆ ಸೆರೆಯಾಳಿನ ಬರಹವನ್ನು ಓದುವಾಗ ಇದೊಂದು ಎಚ್ಚರ ಬೇಕೇ ಬೇಕು.

ಸತ್ತವರ ಲೆಕ್ಕವೂ ಒಂದೇ ಪಕ್ಷದ್ದಲ್ಲ. 1782ರ ಮಾರ್ಚ್ 8ರಂದು ಪೆನ್ಸಿಲ್ವೇನಿಯಾದ ಇನ್ನೊಂದು ಮಿಲಿಷಿಯಾ ಒಹಾಯೊದ ಗ್ನಾಡನ್‌ಹಟನ್‌ನಲ್ಲಿ ಕ್ರೈಸ್ತರಾಗಿದ್ದ 96 ಮಂದಿ ಡೆಲಾವೇರ್ ಜನರನ್ನು ಕೊಂದಿತು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಯಾರ ಕೈಯಲ್ಲೂ ಆಯುಧವಿರಲಿಲ್ಲ. ಮೊರೇವಿಯನ್ ಪಾದ್ರಿಗಳು ತಮ್ಮ ಸಭೆಯವರ ದಾಖಲೆ ಇಡುತ್ತಿದ್ದುದರಿಂದ ಆ ಸಂಖ್ಯೆ ಉಳಿಯಿತು. ಲಾಕ್ರಿಯ ಕಥೆಯನ್ನು ಬರೆಯುವವರು ಈ ಪುಟವನ್ನು ಮಡಿಚಿಡಬಾರದು.

ಪಿಟ್ ಕೋಟೆಯ ಜನರಲ್ ವಿಲಿಯಂ ಇರ್ವಿನ್, ವೆಸ್ಟ್‌ಮೋರ್‌ಲೆಂಡ್ ತನ್ನ ಒಳ್ಳೆಯ ನೂರು ಜನರನ್ನು ಕಳೆದುಕೊಂಡು ಬಲವಾದ ಪೆಟ್ಟು ತಿಂದಿದೆಯೆಂದು 1781ರ ಡಿಸೆಂಬರ್ 3ರಂದು ರಾಜ್ಯದ ಅಧ್ಯಕ್ಷನಿಗೆ ಬರೆದ. ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್ ಶರಣಾಗಿ ಆಗಲೇ ಆರು ವಾರ ಕಳೆದಿತ್ತು. ಪೂರ್ವದ ಊರುಗಳ ಪಾಲಿಗೆ ಯುದ್ಧ ಮುಗಿದಂತೆಯೇ ಇತ್ತು. ಗಡಿಯಲ್ಲಿ ಮುಗಿದಿರಲಿಲ್ಲ. ಕ್ಲಾರ್ಕ್ ಡೆಟ್ರಾಯಿಟ್‌ನತ್ತ ಹೋಗಲೇ ಇಲ್ಲ. ಆ ಕೋಟೆ 1796ರವರೆಗೆ ಬ್ರಿಟಿಷರ ಕೈಯಲ್ಲೇ ಇತ್ತು.

ಆಂಡರ್ಸನ್ ಮತ್ತು ವಾಲೇಸ್ ಫಿಲಡೆಲ್ಫಿಯಾದಲ್ಲಿ ಅರ್ಜಿ ಕೊಟ್ಟ ಹತ್ತನೇ ದಿನ, 1782ರ ಜುಲೈ 13ರಂದು, ಸೆನೆಕಾ ನಾಯಕ ಗುಯಾಸುಟಾನ ಯೋಧರು ಬ್ರಿಟಿಷ್ ಬೆಂಬಲಿಗರೊಂದಿಗೆ ಬಂದು ಹ್ಯಾನಸ್‌ಟೌನ್‌ಗೆ ಬೆಂಕಿಯಿಟ್ಟರು. ಕೋಟೆಯೊಳಗೆ ಸೇರಿಕೊಂಡವರು ಬಹುಪಾಲು ಉಳಿದರು, ಊರು ಉಳಿಯಲಿಲ್ಲ. ಅದನ್ನು ಕಾಯಬೇಕಾಗಿದ್ದ ಗಂಡಸರಲ್ಲಿ ಎಷ್ಟೋ ಜನ ಹಳ್ಳದ ಬಾಯಲ್ಲಿ ಸತ್ತಿದ್ದರು, ಮಾಂಟ್ರಿಯಲ್‌ನ ಸೆರೆಯಲ್ಲಿದ್ದರು. ಲಾಕ್ರಿಯ ಸೋಲನ್ನು ಚಿಕ್ಕ ಚಕಮಕಿ ಎಂದು ಒಂದು ಸಾಲಿನಲ್ಲಿ ದಾಟಿಸುವ ಪುಸ್ತಕಗಳು ಹೊಂಚಿನ ತಾರೀಖನ್ನೂ ಈ ಬೆಂಕಿಯ ತಾರೀಖನ್ನೂ ಜೊತೆಗಿಟ್ಟು ನೋಡಿಲ್ಲ. ಹ್ಯಾನಸ್‌ಟೌನ್ ಮತ್ತೆ ಮೊದಲಿನಂತೆ ಏಳಲಿಲ್ಲ. ಕಚೇರಿ, ನ್ಯಾಯಾಲಯ ಎಲ್ಲ ಮುಂದೆ ಗ್ರೀನ್ಸ್‌ಬರ್ಗ್‌ಗೆ ಹೋದವು.