ಕುಪವಾಡದ ಮಾತುಕತೆ

ಸಾಂಗಲಿಗೆ ಅಂಟಿಕೊಂಡಿರುವ ಕುಪವಾಡ ಇಂದು ಮಹಾನಗರಪಾಲಿಕೆಯ ಭಾಗ. ಭಾಷಾವಿಜ್ಞಾನದ ಚರಿತ್ರೆಯಲ್ಲಿ ಮಾತ್ರ ಅದು ಈಗಲೂ ಸುಮಾರು ಮೂರು ಸಾವಿರ ಜನರ ಹಳ್ಳಿ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಪ್ರಬಂಧವೇ ಇದಕ್ಕೆ ಕಾರಣ.

ಅವರು ಕಂಡ ಕುಪವಾಡದಲ್ಲಿ ಜೈನರು ಮತ್ತು ಲಿಂಗಾಯತರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು, ದಲಿತರದೂ ಭೂಹೀನ ಕೂಲಿಕಾರರದೂ ಮರಾಠಿ. ಹಗ್ಗ ಹೊಸೆಯುವ ಕೆಲವು ಕುಟುಂಬಗಳದು ತೆಲುಗು. ಹೊಲದಲ್ಲಿ, ಅಂಗಡಿಯಲ್ಲಿ ದಿನವೂ ಪರಸ್ಪರರ ಭಾಷೆಯನ್ನಾಡುತ್ತ ಬಂದುದರಿಂದ ಶಬ್ದಗಳು ಬೇರೆಯಾಗಿಯೇ ಉಳಿದು ವ್ಯಾಕರಣಗಳು ಬಹುಮಟ್ಟಿಗೆ ಒಂದಾಗಿದ್ದವು. ‘ಇದು ನಿಮ್ಮ ಮನೆ’ ಎಂಬಷ್ಟಕ್ಕೇ ನಿಲ್ಲಬಹುದಾದ ಕನ್ನಡ ವಾಕ್ಯ ಅಲ್ಲಿ ‘ಇದ್ ನಿಮ್ ಮನಿ ಐತಿ’ ಎಂದಾಯಿತು. ಮರಾಠಿಯ ‘ಆಹೆ’, ಉರ್ದುವಿನ ‘ಹೈ’ ಇರುವ ಜಾಗದಲ್ಲಿ ‘ಐತಿ’ ಬಂದು ಕುಳಿತಿತು. ಸಾಲ ಏಕಮುಖವಾಗಿರಲಿಲ್ಲ. ಸ್ಥಳೀಯ ಮರಾಠಿಯಲ್ಲಿ ‘ನದಿ’ ತನ್ನ ಸ್ತ್ರೀಲಿಂಗವನ್ನು ಬಿಟ್ಟು, ಕನ್ನಡದ ರೀತಿಯಲ್ಲಿ ನಪುಂಸಕವಾಯಿತು.

ಈ ಉದಾಹರಣೆಗಳು ಪಠ್ಯಪುಸ್ತಕಗಳಲ್ಲಿ ಸವೆದಿವೆ. ಪ್ರಬಂಧದ ಹೆಚ್ಚು ಮುಖ್ಯವಾದ ಮಾತು ಬೇರೆ. ಗುಂಪುಗಳ ನಡುವಣ ವ್ಯವಹಾರಕ್ಕೆ ಭೂಮಾಲಿಕರ ಕನ್ನಡ ಬಳಕೆಯಾಗಲಿಲ್ಲ, ಮರಾಠಿ ಬಳಕೆಯಾಯಿತು. ಪ್ರಬಲ ಗುಂಪುಗಳಲ್ಲಿ ಯಾರ ಮನೆಮಾತೂ ಅಲ್ಲದ್ದರಿಂದ ಅದು ತಟಸ್ಥವೆನಿಸಿತ್ತೆಂದು ಲೇಖಕರು ವಿವರಿಸುತ್ತಾರೆ. ನನಗೆ ಇದರಲ್ಲಿ ಸೌಜನ್ಯದಷ್ಟೇ ಅಂತರವೂ ಕಾಣುತ್ತದೆ: ಕೂಲಿಯವನೊಡನೆ ಅವನ ಭಾಷೆಯನ್ನಾಡುವ ಒಡೆಯ, ತನ್ನ ಮನೆಮಾತನ್ನು ಅವನಿಗೆ ನಿಲುಕದಂತೆ ಕಾಯ್ದುಕೊಳ್ಳುತ್ತಾನೆ. ವ್ಯಾಕರಣಗಳು ಕರಗಿಯೂ ಭಾಷೆಗಳು ಉಳಿದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಪ್ರಬಂಧ ಬಹುಭಾಷಿಕತೆಯನ್ನು ಹೇಳುವುದು ಊರಿನ ಗಂಡಸರ ಬಗೆಗೆ. ಹಾಗಾದರೆ ಪೇಟೆಯಲ್ಲಿ ರೂಪುಗೊಂಡ ‘ಐತಿ’ಯ ಆ ಬಳಕೆ ಅಡುಗೆಮನೆಗೆ, ಮಕ್ಕಳ ನಾಲಗೆಗೆ ದಾಟಿದ್ದು ಹೇಗೆ? ಹೆಂಗಸರ ಮಾತುಕತೆಯನ್ನು ಕೇಳದೆ ಇದಕ್ಕೆ ಉತ್ತರವಿಲ್ಲ. ಅಕ್ಕಲಕೋಟೆ, ಜತ್ತಗಳ ಕನ್ನಡದ ಅಧ್ಯಯನಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ; ಪ್ರಶ್ನಾವಳಿಗೆ ಕೊಟ್ಟ ಉತ್ತರ ಮಾತುಕತೆಗೆ ಬದಲಿಯಾಗದು.

ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಕುಪವಾಡಕ್ಕೆ ಮರಳಿ ಹೋಗಿ, ರಾಜ್ಯಗಳ ಪುನರ್ವಿಂಗಡಣೆಯ ತರುವಾಯದ ಭಾಷಾಸ್ಥಿತಿಯನ್ನು 2015ರಲ್ಲಿ ಚರ್ಚಿಸಿದರು. 1960ರ ಮೇ 1ರಂದು ಮಹಾರಾಷ್ಟ್ರ ರೂಪುಗೊಂಡ ಮೇಲೆ ಮರಾಠಿ ಆಡಳಿತದ ಭಾಷೆಯಾಗಿ, ಅದರ ಶಿಷ್ಟರೂಪ ಶಾಲೆಯ ಮೂಲಕ ಊರನ್ನು ಹೊಕ್ಕಿತು. ಕನ್ನಡ ಮನೆಯ ಮಗುವಿಗೆ ಅದು ಈಗ ನೆರೆಯವನ ಮಾತಷ್ಟೇ ಅಲ್ಲ, ಪರೀಕ್ಷೆಯ ಮಾತು, ನೌಕರಿಯ ಮಾತು. ಗಂಪರ್ಜ್ ಕೇಳಿಸಿಕೊಂಡ ಮರಾಠಿಗೆ ಇದ್ದ ತಾಟಸ್ಥ್ಯ ಇದಕ್ಕಿಲ್ಲ.