ಬೆನ್ನುಮೂಳೆ ಶಸ್ತ್ರಚಿಕಿತ್ಸೆ: ಸ್ಕ್ರೂ ಹಿಡಿತದ ಗಣಕಯಂತ್ರ ಲೆಕ್ಕಾಚಾರದ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳಿಂದ ಬೆನ್ನುಮೂಳೆ ಶಸ್ತ್ರಚಿಕಿತ್ಸೆಗೆ ಆರೋಗ್ಯ ಯೋಜನೆಯ ನೆರವು ಕೋರುವ ಅರ್ಜಿದಾರರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮುರಿದ ಅಥವಾ ಜಾರಿದ ಬೆನ್ನುಮಣಿಗಳನ್ನು ಸ್ಥಿರಗೊಳಿಸಲು ಅವುಗಳೊಳಗೆ ಟೈಟಾನಿಯಂ ಮಿಶ್ರಲೋಹದ ಸ್ಕ್ರೂಗಳನ್ನು ಕೂಡಿಸಿ, ಲೋಹದ ಸರಳುಗಳಿಂದ ಜೋಡಿಸಲಾಗುತ್ತದೆ. ಸ್ಕ್ರೂ ಎಷ್ಟೇ ಗಟ್ಟಿಯಾಗಿದ್ದರೂ ಅದರ ಹಿಡಿತವು ಎಲುಬನ್ನು ಅವಲಂಬಿಸಿರುತ್ತದೆ. ಹುಳು ಹೊಡೆದ ಕಟ್ಟಿಗೆಯಲ್ಲಿ ಹೊಸ ಸ್ಕ್ರೂ ಸಹ ನಿಲ್ಲದೆಂಬುದು ಬನಹಟ್ಟಿಯ ನೇಕಾರರಿಗೆ ತಿಳಿಯದ ವಿಷಯವಲ್ಲ. ಬೆನ್ನುಮಣಿಯ ಒಳಭಾಗದ ಸ್ಪಂಜಿನಂತಹ ಎಲುಬಿನ ಸಾಂದ್ರತೆ ಅರ್ಧಕ್ಕಿಳಿದರೆ, ಅದರ ಬಲವು ಅರ್ಧಕ್ಕಲ್ಲ, ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಹಾಗೂ ವೃದ್ಧರಲ್ಲಿ ಈ ಸವಕಳಿ ಹೆಚ್ಚು. ಸ್ಕ್ರೂ ಸಡಿಲಗೊಂಡಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಈ ಹಿಡಿತವನ್ನು ಮುಂಚಿತವಾಗಿ ಅಂದಾಜಿಸುವ ಕ್ರಮಕ್ಕೆ ಫೈನೈಟ್ ಎಲಿಮೆಂಟ್ ವಿಧಾನ ಎನ್ನಲಾಗುತ್ತದೆ. ಸಿ.ಟಿ. ಸ್ಕ್ಯಾನ್ ಚಿತ್ರದಿಂದ ಬೆನ್ನುಮಣಿಯ ಆಕಾರವನ್ನು ಗಣಕಯಂತ್ರದಲ್ಲಿ ರಚಿಸಿ, ಅದನ್ನು ಸಾವಿರಾರು ಸಣ್ಣ ತುಂಡುಗಳಾಗಿ ವಿಂಗಡಿಸಿ, ಚಿತ್ರದಲ್ಲಿ ಕಂಡ ಸಾಂದ್ರತೆಯಂತೆ ಪ್ರತಿ ತುಂಡಿಗೂ ಬಲವನ್ನು ನಿಗದಿಪಡಿಸಲಾಗುತ್ತದೆ. ನಂತರ ಸ್ಕ್ರೂವನ್ನು ಎಳೆದಾಗ ಎಲುಬು ಎಲ್ಲಿ ಸೋಲುವುದೆಂದು ಲೆಕ್ಕ ಹಾಕಲಾಗುತ್ತದೆ. ಬಡ್ಡಿ ಲೆಕ್ಕದಲ್ಲಿ ದರ ತಪ್ಪಿದರೆ ಮೊತ್ತವೂ ತಪ್ಪುವಂತೆ, ಇಲ್ಲಿಯೂ ಸಾಂದ್ರತೆಯ ಅಂಕಿ ತಪ್ಪಿದರೆ ಉತ್ತರ ತಪ್ಪುತ್ತದೆ. ಅಲ್ಲದೆ ದೇಹದಲ್ಲಿ ಸ್ಕ್ರೂ ಒಮ್ಮೆಲೇ ಕಿತ್ತು ಬರುವುದಕ್ಕಿಂತ, ಬಾಗುವಾಗ ಏಳುವಾಗ ಮೇಲೆ ಕೆಳಗೆ ಅಲುಗಾಡಿ ಸಡಿಲವಾಗುವುದೇ ಹೆಚ್ಚು. ಆದ್ದರಿಂದ ಎಳೆತವನ್ನು ಮಾತ್ರ ಪರಿಗಣಿಸಿದ ಲೆಕ್ಕವು ಅಪೂರ್ಣ.

ಈ ಲೆಕ್ಕಾಚಾರವು ಮುಖ್ಯವಾಗಿ ಸಂಶೋಧನೆಯಲ್ಲಿ ಹಾಗೂ ಸ್ಕ್ರೂಗಳ ವಿನ್ಯಾಸದಲ್ಲಿ ಬಳಕೆಯಲ್ಲಿದೆ. ರೋಗಿಯ ಮಟ್ಟಿಗೆ ವೈದ್ಯರು ಸಿ.ಟಿ. ಚಿತ್ರ ಹಾಗೂ ಡೆಕ್ಸಾ ಪರೀಕ್ಷೆಯನ್ನು ಆಧರಿಸುತ್ತಾರೆ. ಡೆಕ್ಸಾ ಟಿ-ಸ್ಕೋರ್ -2.5 ಅಥವಾ ಅದಕ್ಕಿಂತ ಕಡಿಮೆಯಿದ್ದಲ್ಲಿ ಎಲುಬು ಸವೆತವೆಂದು ಪರಿಗಣಿಸಲಾಗುತ್ತದೆ. ಆಗ ದಪ್ಪನೆಯ ಸ್ಕ್ರೂ, ಎಲುಬಿನ ಸಿಮೆಂಟ್ ಅಥವಾ ಹೆಚ್ಚು ಬೆನ್ನುಮಣಿಗಳಿಗೆ ಜೋಡಣೆ, ಇವುಗಳಲ್ಲಿ ಸೂಕ್ತವಾದುದನ್ನು ವೈದ್ಯರು ಆರಿಸಬಹುದು. ತುರ್ತಿಲ್ಲದಿದ್ದಲ್ಲಿ ಮೊದಲು ಔಷಧೋಪಚಾರವನ್ನೂ ಸೂಚಿಸಬಹುದು. ಇದನ್ನು ಅನಗತ್ಯ ವಿಳಂಬವೆಂದು ಭಾವಿಸಬಾರದಾಗಿ ಕೋರಿದೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡಿಗೆ ಆಧಾರ್ ಮತ್ತು ಪಡಿತರ ಚೀಟಿಯನ್ನು ಹಾಜರುಪಡಿಸತಕ್ಕದ್ದು. ಸ್ಕ್ರೂ ಹಿಡಿತದ "ಕಂಪ್ಯೂಟರ್ ವರದಿ" ಇದಕ್ಕೆ ಬೇಕಾಗಿರುವುದಿಲ್ಲ. ಅದಕ್ಕಾಗಿ ಯಾರಿಗೂ ಹಣ ನೀಡಬಾರದು. ಆದರೆ ಸಿ.ಟಿ. ಸ್ಕ್ಯಾನ್‌ನ ಮುದ್ರಿತ ವರದಿಯೊಂದಿಗೆ ಸಿ.ಡಿ.ಯನ್ನೂ ಪಡೆದು, ಮೇಲಿನ ಆಸ್ಪತ್ರೆಗೆ ಹೋಗುವಾಗ ತಪ್ಪದೇ ಒಯ್ಯತಕ್ಕದ್ದು. ಸಾಂದ್ರತೆಯನ್ನು ಆ ಚಿತ್ರಗಳಿಂದ ಅಳೆಯಬಹುದೇ ಹೊರತು ಮುದ್ರಿತ ವರದಿಯಿಂದಲ್ಲ.