ಏಕಫಲಕ ಗಣಕ: ಮೊದಲ ಬಾರಿ ಚಾಲನೆಗೊಳಿಸುವ ಮುನ್ನ

ಅಂಗೈಯಗಲದ ಒಂದೇ ಫಲಕದ ಮೇಲೆ ಪ್ರೊಸೆಸರ್, ಮೆಮೊರಿ ಹಾಗೂ ಸಂಪರ್ಕ ಕಿಂಡಿಗಳನ್ನು ಜೋಡಿಸಿದ ಯಂತ್ರವೇ ಏಕಫಲಕ ಗಣಕ, ಅರ್ಥಾತ್ ಸಿಂಗಲ್ ಬೋರ್ಡ್ ಕಂಪ್ಯೂಟರ್. ಇವುಗಳ ಪೈಕಿ ಹೆಸರುವಾಸಿಯಾದದ್ದು ಬ್ರಿಟನ್ನಿನ ರಾಸ್ಪ್‌ಬೆರಿ ಪೈ. ಮಕ್ಕಳಿಗೆ ಗಣಕ ವಿಜ್ಞಾನ ಕಲಿಸುವ ಉದ್ದೇಶದಿಂದ ರೂಪಿಸಲಾದ ಇದು 2012ರ ಫೆಬ್ರುವರಿ 29ರಂದು 35 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂದಿತು. ಅಗ್ಗದ ಗಣಕದ ಕನಸು ಕರ್ನಾಟಕಕ್ಕೆ ಹೊಸತೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಡನೆ ರೂಪಿಸಿದ 'ಸಿಂಪ್ಯೂಟರ್' ಕೂಡ ಲಿನಕ್ಸ್ ಆಧಾರಿತವಾಗಿದ್ದು, 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಮೂಲಕ 'ಅಮಿಡಾ' ಹೆಸರಿನಲ್ಲಿ ಮಾರಾಟಕ್ಕೆ ಬಂದಿತ್ತು.

ನಗರದಲ್ಲಿರುವವರು ಊರಿನ ವಿದ್ಯಾರ್ಥಿಗಳಿಗಾಗಿ ಇಂತಹ ಫಲಕ ಕೊಂಡು ಕಳುಹಿಸುವುದಾದರೆ ಕೆಲವು ಸಂಗತಿಗಳನ್ನು ಮೊದಲೇ ಅರಿತಿರುವುದು ಒಳಿತು. ಇಂಡಿ ತಾಲ್ಲೂಕಿನ ಲಚ್ಯಾಣದಂತಹ ಗ್ರಾಮದಲ್ಲಿ ಒಂದು ಕೇಬಲ್ ಹೊಂದದಿದ್ದರೂ ಅದನ್ನು ಬದಲಿಸಲು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ರೈಲು ಹತ್ತಬೇಕಾದೀತು. ಮೊದಲ ದಿನ ಪರದೆ ಬೆಳಗದಿದ್ದರೆ ಫಲಕ ಪೆಟ್ಟಿಗೆ ಸೇರಿ ಅಲ್ಲಿಯೇ ಉಳಿಯುವ ಸಂಭವವೂ ಉಂಟು. ಇಂತಹ ತೊಂದರೆಗೆ ಬಹುಪಾಲು ಕಾರಣವಾಗುವುದು ವಿದ್ಯುತ್ ಪೂರೈಕೆ ಅಥವಾ ಮೆಮೊರಿ ಕಾರ್ಡ್. ಫಲಕದ ದೋಷ ಅಪರೂಪ.

ವಿದ್ಯುತ್: ಪೈ 4 ಮಾದರಿಗೆ 5 ವೋಲ್ಟ್, 3 ಆಂಪಿಯರ್, ಪೈ 5ಕ್ಕೆ 5 ವೋಲ್ಟ್, 5 ಆಂಪಿಯರ್, ಜೀರೊ 2 ಡಬ್ಲ್ಯುಗೆ 5 ವೋಲ್ಟ್, 2.5 ಆಂಪಿಯರ್ ಅಡಾಪ್ಟರ್ ಸೂಚಿಸಲಾಗಿದೆ. ಮೊಬೈಲ್‌ನ ವೇಗದ ಚಾರ್ಜರ್ ಮೇಲೆ ಹೆಚ್ಚು ವ್ಯಾಟ್ ನಮೂದಾಗಿದ್ದರೂ 5 ವೋಲ್ಟ್‌ನಲ್ಲಿ ಅಷ್ಟು ಶಕ್ತಿ ದೊರೆಯುತ್ತದೆಂಬ ಖಾತರಿಯಿಲ್ಲ. ಪರದೆಯ ಮೇಲೆ ಮಿಂಚಿನ ಚಿಹ್ನೆಯೋ ಕಡಿಮೆ ವೋಲ್ಟೇಜ್‌ನ ಎಚ್ಚರಿಕೆಯೋ ಕಂಡರೆ ಮೊದಲು ಅಡಾಪ್ಟರ್ ಮತ್ತು ಕೇಬಲ್ ಪರೀಕ್ಷಿಸತಕ್ಕದ್ದು.

ಕಾರ್ಡ್ ಸಿದ್ಧತೆ: ಫಲಕದಲ್ಲಿ ಹಾರ್ಡ್ ಡಿಸ್ಕ್ ಇರುವುದಿಲ್ಲ, ಕಾರ್ಯಾಚರಣ ವ್ಯವಸ್ಥೆಯನ್ನು ಮೈಕ್ರೊ ಎಸ್‌ಡಿ ಕಾರ್ಡಿಗೆ ಬರೆಯಬೇಕು. 32 ಜಿಬಿ ಕಾರ್ಡ್ ಸಾಕು. ಬೇರೊಂದು ಗಣಕದಲ್ಲಿ 'ರಾಸ್ಪ್‌ಬೆರಿ ಪೈ ಇಮೇಜರ್' ಎಂಬ ಉಚಿತ ತಂತ್ರಾಂಶ ಅಳವಡಿಸಿ, ಫಲಕದ ಮಾದರಿ, ವ್ಯವಸ್ಥೆ ಹಾಗೂ ಕಾರ್ಡನ್ನು ಕ್ರಮವಾಗಿ ಆರಿಸಿಕೊಳ್ಳಬೇಕು. ಕಾರ್ಡಿನಲ್ಲಿದ್ದ ಹಳೆಯ ಕಡತಗಳೆಲ್ಲ ಅಳಿಸಿಹೋಗುತ್ತವೆ ಎಂಬುದು ನೆನಪಿರಲಿ.

ಬಳಕೆದಾರರ ಹೆಸರು, ಗುಪ್ತಪದ, ವೈ-ಫೈ ವಿವರಗಳನ್ನು ಇಲ್ಲಿಯೇ ನಮೂದಿಸಬಹುದು. ದೇಶ ಭಾರತವೆಂದು ಆರಿಸದಿದ್ದರೆ ವೈ-ಫೈ ಕೆಲಸ ಮಾಡದೆ ಹೋಗಬಹುದು. ಕಾರ್ಡನ್ನು ನಗರದಲ್ಲಿ ಸಿದ್ಧಪಡಿಸಿ ಊರಿಗೆ ಕಳುಹಿಸುವವರು ಊರಿನ ಮನೆಯ ಸಂಪರ್ಕದ ಅಥವಾ ಅಲ್ಲಿನ ಮೊಬೈಲ್ ಹಾಟ್‌ಸ್ಪಾಟ್‌ನ ವಿವರವನ್ನೇ ಕೊಡಬೇಕು. ಜೀರೊ 2 ಡಬ್ಲ್ಯು 2.4 ಗಿಗಾಹರ್ಟ್ಸ್ ವೈ-ಫೈಯನ್ನು ಮಾತ್ರ ಗುರುತಿಸುತ್ತದೆ. ಹಳೆಯ ಪುಸ್ತಕಗಳು ಹೇಳುವ 'ಪೈ' ಎಂಬ ಸಿದ್ಧ ಬಳಕೆದಾರ ಖಾತೆಯನ್ನು ಸುರಕ್ಷತೆಯ ದೃಷ್ಟಿಯಿಂದ 2022ರ ಏಪ್ರಿಲ್‌ನಲ್ಲಿಯೇ ಕೈಬಿಡಲಾಗಿದೆ.

ಚಾಲನೆ: ಕಾರ್ಡ್, ಕೀಲಿಮಣೆ, ಮೌಸ್ ಮತ್ತು ಎಚ್‌ಡಿಎಂಐ ಕೇಬಲ್ ಜೋಡಿಸಿದ ನಂತರವೇ ವಿದ್ಯುತ್ ಕೊಡಬೇಕು. ಮನೆಯ ಟಿವಿಯೇ ಪರದೆಯಾಗಬಲ್ಲದು. ಪೈ 4 ಮತ್ತು 5ಕ್ಕೆ ಮೈಕ್ರೊ ಎಚ್‌ಡಿಎಂಐ ಕೇಬಲ್ ಬೇಕು. ಪೈ 4ರಲ್ಲಿ ವಿದ್ಯುತ್ ಕಿಂಡಿಗೆ ಸಮೀಪದ ಕಿಂಡಿಯನ್ನು ಬಳಸುವುದು ಸೂಕ್ತ. ಇದೇ ಮಾದರಿಯಲ್ಲಿ ಕೆಂಪು ದೀಪ ವಿದ್ಯುತ್ತನ್ನೂ, ಮಿನುಗುವ ಹಸಿರು ದೀಪ ಕಾರ್ಡಿನ ಚಟುವಟಿಕೆಯನ್ನೂ ಸೂಚಿಸುತ್ತದೆ. ಕೆಂಪು ಉರಿದು ಹಸಿರು ಮಿನುಗದಿದ್ದರೆ ಕಾರ್ಡನ್ನು ಮತ್ತೊಮ್ಮೆ ಬರೆಯಿರಿ.

ವಿದ್ಯುತ್ ಕಡಿತ: ಗಣಕ ಕಾರ್ಡಿಗೆ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಕಡತಗಳು ಕೆಡಬಹುದು. ಆದ್ದರಿಂದ 'ಶಟ್‌ಡೌನ್' ಆಜ್ಞೆ ನೀಡಿ, ಹಸಿರು ದೀಪದ ಮಿನುಗು ನಿಂತ ಬಳಿಕವೇ ಸ್ವಿಚ್ ಆರಿಸಬೇಕು. ಯುಪಿಎಸ್ ಇದ್ದಲ್ಲಿ ಅದಕ್ಕೆ ಜೋಡಿಸುವುದು ಕ್ಷೇಮ. ಪೈ 4 ಹಾಗೂ ಅದಕ್ಕಿಂತ ಹಿಂದಿನ ಮಾದರಿಗಳಲ್ಲಿ ಬ್ಯಾಟರಿ ಆಧಾರಿತ ಗಡಿಯಾರವಿಲ್ಲ. ಅವು ಅಂತರಜಾಲದಿಂದ ಸಮಯ ಪಡೆಯುತ್ತವೆ. ಸಂಪರ್ಕವಿಲ್ಲದೆ ಮರುಚಾಲನೆಗೊಂಡರೆ ದಿನಾಂಕ ತಪ್ಪಾಗಿರುವುದು ಸಹಜ.

ಉಷ್ಣತೆ: ವಿಜಯಪುರ ಜಿಲ್ಲೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಚಿಪ್‌ನ ಶಾಖ 80 ಡಿಗ್ರಿ ಮೀರಿದಾಗ ಗಣಕ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಗಾಳಿಯಾಡುವ ಕವಚ, ಪೈ 5 ಆದರೆ ಫ್ಯಾನ್ ಸಹಿತ, ಅವಶ್ಯ.

ಕನ್ನಡ: ರಾಸ್ಪ್‌ಬೆರಿ ಪೈ ಓಎಸ್ ಡೆಬಿಯನ್ ಆಧಾರಿತವಾದ್ದರಿಂದ ಅದರ ಭಂಡಾರದಲ್ಲಿರುವ 'ಗುಬ್ಬಿ', 'ನವಿಲು' ಯೂನಿಕೋಡ್ ಅಕ್ಷರಶೈಲಿಗಳನ್ನು ಉಚಿತವಾಗಿ ಅಳವಡಿಸಬಹುದು. ಐಬಸ್ ಮತ್ತು ಎಂ17ಎನ್ ತಂತ್ರಾಂಶ ಸೇರಿಸಿದರೆ ನುಡಿ ಬಳಕೆದಾರರಿಗೆ ಪರಿಚಿತವಾದ ಕಗಪ ವಿನ್ಯಾಸ ಲಭ್ಯ.

ಎಲ್ಲವೂ ಸರಿಯಾಗಿ ನಡೆದ ದಿನವೇ ಅದೇ ರೀತಿ ಸಿದ್ಧಪಡಿಸಿದ ಇನ್ನೊಂದು ಕಾರ್ಡನ್ನು ತೆಗೆದಿರಿಸಿ. ಮೊದಲನೆಯದು ಕೆಟ್ಟರೆ ಕಾರ್ಡ್ ಬದಲಿಸಿದ ಕೆಲವೇ ನಿಮಿಷಗಳಲ್ಲಿ ಗಣಕ ಮತ್ತೆ ಚಾಲನೆಗೊಳ್ಳುವುದು; ಆದರೆ ಸ್ವಂತ ಕಡತಗಳ ಪ್ರತಿಯನ್ನು ಪೆನ್ ಡ್ರೈವ್‌ನಲ್ಲಿ ಪ್ರತ್ಯೇಕವಾಗಿ ಉಳಿಸಿಕೊಳ್ಳತಕ್ಕದ್ದು.